ಒಂಬತ್ತನೇ ಇನ್ನಿಂಗ್ಸ್ ಯಾರಿಗೆ? ಮೆಟ್ಸ್, ಮ್ಯಾಟ್ ಹಾರ್ವಿ ಮತ್ತು 2015ರ ಕೊನೆಯ ರಾತ್ರಿ

2015ರ ನವೆಂಬರ್ 1, ಭಾನುವಾರ. ನ್ಯೂಯಾರ್ಕಿನ ಸಿಟಿ ಫೀಲ್ಡ್‌ನಲ್ಲಿ ಅಮೆರಿಕದ ಬೇಸ್‌ಬಾಲ್‌ನ ಅಂತಿಮ ಸರಣಿ ವರ್ಲ್ಡ್ ಸೀರೀಸ್‌ನ ಐದನೇ ಪಂದ್ಯ; ಏಳರಲ್ಲಿ ನಾಲ್ಕು ಗೆದ್ದವರು ಚಾಂಪಿಯನ್. ಒಂಬತ್ತರಲ್ಲಿ ಎಂಟು ಇನ್ನಿಂಗ್ಸ್ ಮುಗಿದಾಗ ತವರು ತಂಡ ಮೆಟ್ಸ್ 2, ಕಾನ್ಸಾಸ್ ಸಿಟಿ ರಾಯಲ್ಸ್ 0. ಸರಣಿಯಲ್ಲಿ ಮೆಟ್ಸ್ 1–3ರಿಂದ ಹಿಂದೆ, ಈ ಪಂದ್ಯ ಕೈಬಿಟ್ಟರೆ ಅಲ್ಲಿಗೆ ಎಲ್ಲ ಮುಗಿದಂತೆ. ಆ ಎಂಟೂ ಇನ್ನಿಂಗ್ಸ್ ಮೆಟ್ಸ್‌ಗೆ ಎಸೆದವರು ಒಬ್ಬರೇ ಪಿಚರ್ (ಎಸೆತಗಾರ), 26 ವರ್ಷದ ಮ್ಯಾಟ್ ಹಾರ್ವಿ. 102 ಎಸೆತ, 4 ಹಿಟ್ (ಬ್ಯಾಟರ್ ಹೊಡೆದು ಬೇಸ್ ಸೇರಿದ್ದು), 1 ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಬೇಸ್), 9 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್).

ಪಿಚಿಂಗ್ ಕೋಚ್ ಡ್ಯಾನ್ ವಾರ್ಥೆನ್ ಡಗೌಟ್‌ನಲ್ಲಿ ಹಾರ್ವಿ ಹತ್ತಿರ ಬಂದು, ನಿನ್ನ ಕೆಲಸ ಆಯಿತು ಎಂದರು. ಹಾರ್ವಿ ಒಪ್ಪಲಿಲ್ಲ. ನೇರವಾಗಿ ಮ್ಯಾನೇಜರ್ ಟೆರಿ ಕಾಲಿನ್ಸ್ ಅವರ ಬಳಿ ಹೋಗಿ, ಈ ಪಂದ್ಯ ನನಗೇ ಬೇಕು ಎಂದು ಹಟ ಹಿಡಿದರು. ಗ್ಯಾಲರಿ ಅವರ ಹೆಸರನ್ನೇ ಕೂಗುತ್ತಿತ್ತು, ಟಿವಿ ಕ್ಯಾಮೆರಾ ಇಬ್ಬರ ಮುಖದ ಮೇಲಿತ್ತು. ಕಾಲಿನ್ಸ್ ಮನಸ್ಸು ಬದಲಿಸಿದರು. ಹಾರ್ವಿ ಓಡುತ್ತ ಪಿಚರ್‌ನ ದಿಬ್ಬ ಹತ್ತಿದರು.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇಲ್ಲಿ ಒಂದು ವ್ಯತ್ಯಾಸ ಮೊದಲೇ ತಿಳಿದಿರಬೇಕು. ದಣಿದ ವೇಗಿಯನ್ನು ನಾಯಕ ಫೈನ್ ಲೆಗ್‌ಗೆ ಕಳಿಸಿ, ಹತ್ತು ಓವರ್ ಬಿಟ್ಟು ಮತ್ತೆ ಕರೆಯಬಹುದು. ಬೇಸ್‌ಬಾಲ್‌ನಲ್ಲಿ ಪಂದ್ಯದಿಂದ ಹೊರಬಿದ್ದ ಆಟಗಾರ ಅದೇ ಪಂದ್ಯಕ್ಕೆ ಮರಳುವಂತಿಲ್ಲ. ಪಿಚರ್‌ನನ್ನು ತೆಗೆಯುವ ತೀರ್ಮಾನಕ್ಕೆ ತಿದ್ದುಪಡಿ ಇಲ್ಲ. ಮ್ಯಾನೇಜರ್ ಮೇಲಿನ ಒತ್ತಡ ಅಷ್ಟಿರುವುದು ಅದಕ್ಕೇ, ಒಳ್ಳೆಯ ಪಿಚರ್ ಅಷ್ಟು ಹಟ ಹಿಡಿಯುವುದೂ ಅದಕ್ಕೇ.

ಈ ಪ್ರಕರಣವನ್ನು ಸಾಮಾನ್ಯವಾಗಿ "ಹೃದಯ ಗೆದ್ದಿತು, ಬುದ್ಧಿ ಸೋತಿತು" ಎಂದು ಹೇಳಿ ಮುಗಿಸುತ್ತಾರೆ. ಕಾಲಿನ್ಸ್ ಕೂಡ ಆ ರಾತ್ರಿ ಹೆಚ್ಚುಕಡಿಮೆ ಅದನ್ನೇ ಹೇಳಿ, ತಪ್ಪು ತಮ್ಮದೇ ಎಂದು ಒಪ್ಪಿಕೊಂಡರು. ನಮ್ಮ ಓದು ಬೇರೆ. ಆ ತೀರ್ಮಾನದ ಬೀಜ ಸೆಪ್ಟೆಂಬರ್‌ನಲ್ಲೇ ಬಿದ್ದಿತ್ತು. ಮೆಟ್ಸ್ ತಂಡದ ಹಳೆಯ ಕಥೆಯೂ ಅದರ ಬೆನ್ನಿಗಿತ್ತು. ಇನ್ನೊಂದು ಮಾತು: ಆ ರಾತ್ರಿಯ ದೊಡ್ಡ ತಪ್ಪು ಹಾರ್ವಿಯನ್ನು ಒಂಬತ್ತನೇ ಇನ್ನಿಂಗ್ಸ್‌ಗೆ ಕಳಿಸಿದ್ದಲ್ಲ.

ತಂಡದ ಹಿನ್ನೆಲೆ

1957ರ ನಂತರ ಡಾಜರ್ಸ್ ಮತ್ತು ಜಯಂಟ್ಸ್ ಎರಡೂ ತಂಡಗಳು ನ್ಯೂಯಾರ್ಕ್ ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಹೋದವು. ಆ ಖಾಲಿ ಜಾಗ ತುಂಬಲು 1962ರಲ್ಲಿ ಹುಟ್ಟಿದ್ದು ಮೆಟ್ಸ್. ಮೊದಲ ವರ್ಷ 40 ಗೆಲುವು, 120 ಸೋಲು. ಏಳು ವರ್ಷದಲ್ಲಿ, 1969ರಲ್ಲಿ, ಅದೇ ತಂಡ ಬಾಲ್ಟಿಮೋರ್ ಓರಿಯೋಲ್ಸ್ ತಂಡವನ್ನು 4–1ರಿಂದ ಸೋಲಿಸಿ ವರ್ಲ್ಡ್ ಸೀರೀಸ್ ಗೆದ್ದಿತು. ಆ ಗೆಲುವಿನ ಕಂಬ ಟಾಮ್ ಸೀವರ್ ಎಂಬ ಯುವ ಪಿಚರ್. ಎರಡನೆಯ ಮತ್ತು ಈವರೆಗಿನ ಕೊನೆಯ ಪ್ರಶಸ್ತಿ 1986ರದು.

ಮೆಟ್ಸ್‌ಗೆ ಪಿಚರ್‌ಗಳು ಬಂದದ್ದೆಲ್ಲ ಹೀಗೆಯೇ: ಬೇಗ, ಬಲವಾಗಿ, ತುಂಬ ನಿರೀಕ್ಷೆ ಹೊತ್ತು. ಡ್ವೈಟ್ ಗುಡನ್ 1984ರಲ್ಲಿ 19ನೇ ವಯಸ್ಸಿಗೆ 276 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿದರು. ಮರುವರ್ಷ 24 ಗೆಲುವು, 4 ಸೋಲು, ಸರಾಸರಿ (ಒಂಬತ್ತು ಇನ್ನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್) 1.53. ಇಪ್ಪತ್ತರ ಹುಡುಗನಿಂದ ಆ ಒಂದೇ ಸೀಸನ್‌ನಲ್ಲಿ ಎಸೆಸಿದ್ದು 276 ಇನ್ನಿಂಗ್ಸ್ ಮತ್ತು ಎರಡು ಔಟ್. ಇಂದು ಯಾವ ತಂಡವೂ ಆ ವಯಸ್ಸಿನವನಿಗೆ ಅದರ ಮುಕ್ಕಾಲು ಪಾಲನ್ನೂ ಕೊಡುವುದಿಲ್ಲ. 1990ರ ದಶಕದ ನಡುವೆ ಬಿಲ್ ಪಲ್ಸಿಫರ್, ಜೇಸನ್ ಇಸ್ರಿಂಗ್‌ಹೌಸೆನ್ ಮತ್ತು ಪಾಲ್ ವಿಲ್ಸನ್ ಎಂಬ ಮೂವರನ್ನು "ಜನರೇಷನ್ ಕೆ" ಎಂದು ಹೊತ್ತು ಮೆರೆಸಿದರು. ಮೂವರ ತೋಳೂ ಶಸ್ತ್ರಚಿಕಿತ್ಸೆಗೆ ಹೋಯಿತು. ಇಸ್ರಿಂಗ್‌ಹೌಸೆನ್ ಬೇರೆ ತಂಡಗಳಲ್ಲಿ ಕ್ಲೋಸರ್ (ಮುನ್ನಡೆ ಕಾಯಲು ಕೊನೆಯ ಇನ್ನಿಂಗ್ಸ್‌ಗೆ ಬರುವ ಪಿಚರ್) ಆಗಿ ಹೆಸರು ಮಾಡಿದರು, ಆ ಮಾತು ಬೇರೆ.

ಈ ಪ್ರಕರಣಕ್ಕೆ ಎಲ್ಲಕ್ಕಿಂತ ಹತ್ತಿರದ ಘಟನೆ 2012ರ ಜೂನ್ 1ರದು. ಯೋಹಾನ್ ಸಂಟಾನಾ ಭುಜದ ಶಸ್ತ್ರಚಿಕಿತ್ಸೆಯಿಂದಾಗಿ 2011ರ ಇಡೀ ಸೀಸನ್ ಕಳೆದುಕೊಂಡು ಮರಳಿದ್ದರು. ಆ ರಾತ್ರಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ವಿರುದ್ಧ ಅವರು ಒಂದೂ ಹಿಟ್ ಕೊಡದೆ ಹೋಗುತ್ತಿದ್ದರು. ಮೆಟ್ಸ್ ಇತಿಹಾಸದಲ್ಲಿ ಅದುವರೆಗೆ ಒಂದೂ ನೋ-ಹಿಟರ್ ಇರಲಿಲ್ಲ. ಅಂದಿನದು ತಂಡದ 8,020ನೇ ಪಂದ್ಯ. ಮ್ಯಾನೇಜರ್ ಇದೇ ಟೆರಿ ಕಾಲಿನ್ಸ್. ಸುಮಾರು 115 ಎಸೆತಕ್ಕೆ ನಿಲ್ಲಿಸಬೇಕು ಎಂದುಕೊಂಡಿದ್ದವರು 134ರವರೆಗೆ ಬಿಟ್ಟರು. ನೋ-ಹಿಟರ್ ಆಯಿತು, ಕಾಲಿನ್ಸ್ ಕಣ್ಣಲ್ಲಿ ನೀರು ಬಂತು. ಸಂಟಾನಾ ಆ ಆಗಸ್ಟ್‌ನಲ್ಲಿ ಕೊನೆಯ ಬಾರಿ ಎಸೆದರು. 2013ರಲ್ಲಿ ಭುಜ ಮತ್ತೆ ಹರಿಯಿತು, ಮೇಜರ್ ಲೀಗ್‌ಗೆ ಅವರು ಮರಳಲೇ ಇಲ್ಲ. 134 ಎಸೆತವೇ ಕಾರಣವೆಂದು ಯಾರೂ ಸಾಧಿಸಲಾರರು. ಆದರೆ ಅಂಥದ್ದೊಂದು ರಾತ್ರಿಯನ್ನು ಕಂಡ ಮ್ಯಾನೇಜರ್‌ನ ಮುಂದೆಯೇ ಮೂರು ವರ್ಷದ ಮೇಲೆ ಇನ್ನೊಬ್ಬ ಪಿಚರ್ ಬಂದು, ನನ್ನನ್ನು ತೆಗೆಯಬೇಡಿ ಎಂದು ನಿಂತರು.

ಕಾಲಿನ್ಸ್ ಬಗ್ಗೆಯೂ ಒಂದು ಮಾತು. 1999ರಲ್ಲಿ ಆಟಗಾರರ ಅಸಮಾಧಾನದ ನಡುವೆ ಅವರು ಏಂಜಲ್ಸ್ ತಂಡದ ಮ್ಯಾನೇಜರ್ ಹುದ್ದೆಗೆ ರಾಜೀನಾಮೆ ಕೊಟ್ಟಿದ್ದರು. ಮೆಟ್ಸ್‌ಗೆ ಬಂದ ಮೇಲೆ ಆಟಗಾರರ ಮಾತಿಗೆ ಕಿವಿ ಕೊಡುವ ಮ್ಯಾನೇಜರ್ ಎಂದು ಹೆಸರಾದರು. 66ನೇ ವಯಸ್ಸಿನಲ್ಲಿ ತಂಡವನ್ನು ಫೈನಲ್‌ವರೆಗೆ ಮುಟ್ಟಿಸಿದ್ದು ಆ ಗುಣವೇ. ಆ ರಾತ್ರಿ ಅಡ್ಡ ಬಂದದ್ದೂ ಅದೇ.

ಹಾರ್ವಿ ಎಂಬ ಹುಡುಗ

2010ರ ಡ್ರಾಫ್ಟ್‌ನಲ್ಲಿ ಏಳನೆಯವರಾಗಿ ಆಯ್ಕೆಯಾದ ಹಾರ್ವಿ 2012ರ ಜುಲೈ 26ರಂದು ಮೊದಲ ಪಂದ್ಯ ಆಡಿ 11 ಸ್ಟ್ರೈಕ್‌ಔಟ್ ಪಡೆದರು. ಮೊದಲ ಪಂದ್ಯದಲ್ಲಿ ಯಾವ ಮೆಟ್ಸ್ ಪಿಚರ್ ಕೂಡ ಅಷ್ಟು ಪಡೆದಿರಲಿಲ್ಲ. 2013ರಲ್ಲಿ ಸರಾಸರಿ 2.27, 191 ಸ್ಟ್ರೈಕ್‌ಔಟ್, ತವರಲ್ಲೇ ನಡೆದ ಆಲ್-ಸ್ಟಾರ್ ಪಂದ್ಯದಲ್ಲಿ ಮೊದಲ ಚೆಂಡು ಎಸೆಯುವ ಗೌರವ. "ಡಾರ್ಕ್ ನೈಟ್" ಎಂಬ ಅಡ್ಡಹೆಸರು ಅಂಟಿಕೊಂಡದ್ದೂ ಆ ವರ್ಷವೇ. ಅದೇ ಆಗಸ್ಟ್‌ನಲ್ಲಿ ಮೊಣಕೈ ಒಳಮಗ್ಗುಲಿನ ಲಿಗಮೆಂಟ್ ಭಾಗಶಃ ಹರಿದಿರುವುದು ಗೊತ್ತಾಯಿತು. ಅಕ್ಟೋಬರ್‌ನಲ್ಲಿ ಟಾಮಿ ಜಾನ್ ಶಸ್ತ್ರಚಿಕಿತ್ಸೆ.

ಆ ಶಸ್ತ್ರಚಿಕಿತ್ಸೆಯಲ್ಲಿ ಹರಿದ ಲಿಗಮೆಂಟ್ ಬದಲು ರೋಗಿಯದೇ ಮುಂದೋಳಿನ ಅಥವಾ ತೊಡೆಯ ಒಂದು ಸ್ನಾಯುರಜ್ಜು ತೆಗೆದು, ಮೇಲಿನ ಮತ್ತು ಕೆಳಗಿನ ಮೂಳೆಗಳಲ್ಲಿ ರಂಧ್ರ ಕೊರೆದು ಕಟ್ಟುತ್ತಾರೆ. ಚೇತರಿಕೆಗೆ ಸಾಮಾನ್ಯವಾಗಿ 12ರಿಂದ 18 ತಿಂಗಳು. ಎಸೆಯುವ ಹೊತ್ತಿನಲ್ಲಿ ಮೊಣಕೈ ಒಳಭಾಗದ ಮೇಲೆ ಬೀಳುವ ಎಳೆತವನ್ನು ಲಿಗಮೆಂಟ್ ಮತ್ತು ಮುಂದೋಳಿನ ಸ್ನಾಯುಗಳು ಹಂಚಿಕೊಳ್ಳುತ್ತವೆ. ಸ್ನಾಯು ದಣಿದಾಗ ಅದರ ಪಾಲಿನ ಹೊರೆಯೂ ಲಿಗಮೆಂಟ್ ಮೇಲೆ ಬೀಳುತ್ತದೆ. ಇನ್ನಿಂಗ್ಸ್ ಲೆಕ್ಕ, ಎಸೆತದ ಲೆಕ್ಕ ಎಲ್ಲ ಹುಟ್ಟಿದ್ದು ಈ ದಣಿವನ್ನು ಹೊರಗಿನಿಂದ ಅಳೆಯಲು. ಎರಡೂ ಒರಟು ಅಳತೆಗಳು. ಯಾಕೆಂದರೆ ದಣಿದ ಮೇಲಿನ ಎಸೆತ ತಾಜಾ ತೋಳಿನ ಎಸೆತಕ್ಕಿಂತ ಭಾರ.

ಹಾರ್ವಿಗೆ 2014 ಪೂರ್ತಿ ವಿಶ್ರಾಂತಿ. ಸೀಸನ್ ಕೊನೆಯಲ್ಲಾದರೂ ಎಸೆಯುತ್ತೇನೆ ಎಂದರೂ ತಂಡ ಬಿಡಲಿಲ್ಲ. ಅದು ಸರಿಯಾದ ನಿರ್ಧಾರವೇ.

ಸೆಪ್ಟೆಂಬರ್‌ನ ಸಾಲ

2015ರ ಸೆಪ್ಟೆಂಬರ್ ಮೊದಲ ವಾರ. ಹಾರ್ವಿ ಅದುವರೆಗೆ 166.1 ಇನ್ನಿಂಗ್ಸ್ ಎಸೆದಿದ್ದರು. (ನಮ್ಮ ಓವರ್ ಲೆಕ್ಕದ ಹಾಗೆಯೇ ಓದಿ: 166 ಪೂರ್ತಿ ಇನ್ನಿಂಗ್ಸ್, ಮೇಲೆ ಒಂದು ಔಟ್.) ವೈದ್ಯರು ಹಾಕಿದ ಮಿತಿ 180 ಎಂದು ಅವರ ಏಜೆಂಟ್ ಸ್ಕಾಟ್ ಬೋರಾಸ್ ಬಹಿರಂಗವಾಗಿ ಹೇಳಿದರು. ಜನರಲ್ ಮ್ಯಾನೇಜರ್ ಸ್ಯಾಂಡಿ ಆಲ್ಡರ್ಸನ್ ಒಪ್ಪಲಿಲ್ಲ. ಪತ್ರಕರ್ತರು ಕೇಳಿದಾಗ, ಪ್ಲೇ-ಆಫ್ ಆಡುತ್ತೇನೆ ಎಂದು ಹಾರ್ವಿ ಖಚಿತವಾಗಿ ಹೇಳಲಿಲ್ಲ. ಊರಿಗೆ ಊರೇ ಸಿಟ್ಟಾಯಿತು. ಮರುದಿನವೇ, ಆಡುತ್ತೇನೆ ಎಂದು ಬರೆದು ಪ್ರಕಟಿಸಿದರು. ಅಷ್ಟರಲ್ಲಿ ಅವರ ಮೇಲೆ ಅಳುಕುವವನು, ಏಜೆಂಟ್ ಮಾತು ಕೇಳುವವನು ಎಂಬ ಮುದ್ರೆ ಬಿದ್ದಾಗಿತ್ತು.

ಇದೇ ಪ್ರಶ್ನೆಗೆ ವಾಷಿಂಗ್ಟನ್ ನ್ಯಾಷನಲ್ಸ್ 2012ರಲ್ಲಿ ಬೇರೆ ಉತ್ತರ ಕೊಟ್ಟಿತ್ತು. ಟಾಮಿ ಜಾನ್‌ನಿಂದ ಮರಳಿದ್ದ ಸ್ಟೀಫನ್ ಸ್ಟ್ರಾಸ್‌ಬರ್ಗ್ ಅವರನ್ನು 159.1 ಇನ್ನಿಂಗ್ಸ್‌ಗೆ ನಿಲ್ಲಿಸಿ, ಪ್ಲೇ-ಆಫ್‌ನಲ್ಲೂ ಆಡಿಸದೆ ಕೂರಿಸಿತು. ಮೊದಲ ಸುತ್ತಲ್ಲೇ ಸೋತಿತು, ಬೈಸಿಕೊಂಡಿತು. ಆದರೆ ನಿರ್ಧಾರ ಯಾರದು, ಯಾವಾಗ ಜಾರಿ ಎಂಬುದರಲ್ಲಿ ಗೊಂದಲ ಇರಲಿಲ್ಲ. ಸ್ಟ್ರಾಸ್‌ಬರ್ಗ್ ಅದಕ್ಕೆ ಮುನಿದಿದ್ದರೂ ಅದನ್ನು ಬದಲಿಸುವ ಬಾಗಿಲು ತೆರೆದಿರಲಿಲ್ಲ. ಮೆಟ್ಸ್ ಹಾಗೆ ಮಾಡದೆ ನಡುದಾರಿ ಹಿಡಿಯಿತು: ಪೂರ್ತಿ ನಿಲ್ಲಿಸುವುದಿಲ್ಲ, ಅಲ್ಲಲ್ಲಿ ಮೊಟಕು ಮಾಡುತ್ತೇವೆ.

ಮೊಟಕು ಮಾಡಿದ ಒಂದು ಪಂದ್ಯ ಸೆಪ್ಟೆಂಬರ್ 20ರದು, ಯಾಂಕೀಸ್ ವಿರುದ್ಧ. ಅಂದು ಹಾರ್ವಿ 171.2ರಲ್ಲಿದ್ದರು. ಐದು ಇನ್ನಿಂಗ್ಸ್, 77 ಎಸೆತ, ಒಂದೇ ಹಿಟ್, ತಂಡ 1–0 ಮುಂದೆ. ಮೊದಲೇ ಮಾತಾಗಿದ್ದಂತೆ ತೆಗೆದರು. ಆರನೇ ಇನ್ನಿಂಗ್ಸ್‌ನಲ್ಲೇ ಬುಲ್‌ಪೆನ್ (ಬದಲಿ ಪಿಚರ್‌ಗಳ ಪಡೆ) ಕುಸಿಯಿತು, ಪಂದ್ಯ 11–2ರಿಂದ ಕೈಬಿಟ್ಟಿತು.

ನವೆಂಬರ್ 1ನ್ನು ಅರ್ಥ ಮಾಡಿಕೊಳ್ಳಲು ಇದನ್ನು ನೋಡಲೇಬೇಕು. ಚೆನ್ನಾಗಿ ಎಸೆಯುತ್ತಿದ್ದ ಪಿಚರ್‌ನನ್ನು ಲೆಕ್ಕದ ಪ್ರಕಾರ ತೆಗೆದದ್ದಕ್ಕೆ ತಂಡ ಸೋತಿತು, ಆ ಪಿಚರ್‌ಗೂ ಅಪಹಾಸ್ಯ ಸಿಕ್ಕಿತು. ಅಲ್ಲಿಂದ ಹಾರ್ವಿಗೆ ತಾನು ಅಳುಕುವವನಲ್ಲ ಎಂದು ತೋರಿಸುವ ಹಟ. ಕಾಲಿನ್ಸ್‌ಗೆ, ಇವನಿಗೊಂದು ಪಂದ್ಯ ಪೂರ್ತಿ ಕೊಡಬೇಕಿತ್ತು ಎಂಬ ಋಣಭಾರ. ಎಂಟನೇ ಇನ್ನಿಂಗ್ಸ್ ಮುಗಿದಾಗ ಡಗೌಟ್‌ನಲ್ಲಿ ಕೇಳಿದ್ದು ತೋಳಿನ ಲೆಕ್ಕವಲ್ಲ, ಈ ಸಾಲದ ವಸೂಲಿ. ಮಿತಿ ಮುಟ್ಟಿದ ಮೇಲೂ ಎಸೆಯುತ್ತಲೇ ಹೋದರು: ಸೀಸನ್ 189.1ಕ್ಕೆ ಮುಗಿಯಿತು, ಪ್ಲೇ-ಆಫ್‌ನ 26.2 ಸೇರಿ ಒಟ್ಟು 216.

ಆ ಇನ್ನಿಂಗ್ಸ್, ಚೆಂಡು ಚೆಂಡಾಗಿ ಅಲ್ಲದಿದ್ದರೂ ಬ್ಯಾಟರ್ ಬ್ಯಾಟರ್ ಆಗಿ

ಇನ್ನಿಂಗ್ಸ್‌ಗೆ ಮೂರರಂತೆ ಎಂಟು ಇನ್ನಿಂಗ್ಸ್ ಎಂದರೆ 24 ಔಟ್. ನಾಲ್ಕು ಹಿಟ್, ಒಂದು ವಾಕ್ ಸೇರಿಸಿ: 29 ಬ್ಯಾಟರ್. ಒಂಬತ್ತನೆಯದಕ್ಕೆ ಮೊದಲು ಬಂದ ಲೊರೆಂಜೊ ಕೇನ್ 30ನೆಯವರು, ಅಂದರೆ ಅದೇ ರಾತ್ರಿ ಹಾರ್ವಿಯನ್ನು ನಾಲ್ಕನೇ ಸಲ ಎದುರಿಸುತ್ತಿದ್ದವರು. ಒಬ್ಬ ಪಿಚರ್‌ನನ್ನು ಮೂರನೇ ಸಲ ನೋಡುವಾಗಲೇ ಬ್ಯಾಟರ್ ಸುಧಾರಿಸುತ್ತಾನೆ. ಚೆಂಡು ಕೈಬಿಡುವ ಜಾಗ, ಸ್ಲೈಡರ್ ಎಂಬ ಎಸೆತದ ತಿರುವು, ಯಾವ ಕೌಂಟ್‌ನಲ್ಲಿ (ಕೆಟ್ಟ ಎಸೆತ, ಸ್ಟ್ರೈಕ್‌ಗಳ ಲೆಕ್ಕ) ಯಾವ ಎಸೆತ ಎಂಬುದೆಲ್ಲ ಪರಿಚಯವಾಗಿರುತ್ತದೆ. ಅದರಲ್ಲೂ 2015ರ ರಾಯಲ್ಸ್ ಇಡೀ ಲೀಗ್‌ನಲ್ಲಿ ಅತಿ ಕಡಿಮೆ ಸ್ಟ್ರೈಕ್‌ಔಟ್ ಆಗುತ್ತಿದ್ದ ತಂಡ. ಬ್ಯಾಟಿಗೆ ಚೆಂಡು ತಾಗಿಸಿ, ಓಡಿ, ಎದುರಾಳಿಯನ್ನು ಗಡಿಬಿಡಿ ಮಾಡುವುದೇ ಅವರ ಆಟ.

ಬುಲ್‌ಪೆನ್‌ನಲ್ಲಿ ಕ್ಲೋಸರ್ ಜೆಯೂರಿಸ್ ಫಮಿಲಿಯಾ ಇದ್ದರು. ಆ ಸೀಸನ್‌ನಲ್ಲಿ 43 ಸೇವ್ (ಮುನ್ನಡೆ ಕಾಯ್ದು ಮುಗಿಸಿದ ಪಂದ್ಯ). ಆದರೆ ಇದೇ ಸರಣಿಯ ಮೊದಲ ಪಂದ್ಯದಲ್ಲಿ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಹೋಮ್ ರನ್ ಕೊಟ್ಟು ಮುನ್ನಡೆ ಕಳೆದಿದ್ದರು, ಹಿಂದಿನ ರಾತ್ರಿ ನಾಲ್ಕನೇ ಪಂದ್ಯದಲ್ಲೂ ಮುನ್ನಡೆ ಅವರ ಕೈಯಲ್ಲೇ ಜಾರಿತ್ತು. ಆದ್ದರಿಂದ ಹಾರ್ವಿಯನ್ನು ಮುಂದುವರಿಸಿದ್ದಕ್ಕೆ ವಾದ ಇದೆ, ಅದನ್ನು ಮೂರ್ಖತನ ಎನ್ನಲು ನಾವು ಒಪ್ಪುವುದಿಲ್ಲ.

ಕೇನ್‌ಗೆ ವಾಕ್ ಸಿಕ್ಕಿತು. ಮೊದಲ ಬೇಸ್‌ನಲ್ಲಿ ಓಟಗಾರ, ಔಟ್ ಸೊನ್ನೆ, ಮುನ್ನಡೆ ಎರಡು.

ನಮ್ಮ ಪ್ರಕಾರ ಪಂದ್ಯ ಕೈತಪ್ಪಿದ್ದು ಈ ಹಂತದಲ್ಲಿ. ಫಮಿಲಿಯಾ ಅವರ ಅಸ್ತ್ರ ಸಿಂಕರ್, ಬ್ಯಾಟ್ ಹತ್ತಿರ ಬಂದಂತೆ ತಗ್ಗುವ ವೇಗದ ಎಸೆತ. ಅದನ್ನು ಹೊಡೆದರೆ ಚೆಂಡು ನೆಲ ಹಿಡಿದು ಉರುಳುತ್ತದೆ. ಮೊದಲ ಬೇಸ್‌ನಲ್ಲಿ ಒಬ್ಬನಿದ್ದಾಗ ಉರುಳುವ ಚೆಂಡು ಎಂದರೆ ಒಂದೇ ಹೊಡೆತಕ್ಕೆ ಎರಡು ಔಟ್‌ನ (ಡಬಲ್ ಪ್ಲೇ) ಅವಕಾಶ. ಅವರಿಗಾಗಿಯೇ ಕಾದಿಟ್ಟಂತಿದ್ದ ಸನ್ನಿವೇಶ ಅದು. ಕಾಲಿನ್ಸ್ ಡಗೌಟ್ ಬಿಟ್ಟು ಬರಲಿಲ್ಲ.

ಎಸೆತದ ಹೊತ್ತಿಗೇ ಓಡಿ ಕೇನ್ ಎರಡನೇ ಬೇಸ್ ಕದ್ದರು. ತಂಡ ಎರಡು ರನ್ ಹಿಂದಿರುವಾಗ ಆ ಓಟ ಬೇಕಿತ್ತೇ ಎಂದು ಅನ್ನಿಸಬಹುದು. ಅದು ಮಾಡಿದ ಕೆಲಸ ಡಬಲ್ ಪ್ಲೇ ಬಾಗಿಲು ಮುಚ್ಚಿದ್ದು. ಮುಂದೆ ಎರಿಕ್ ಹಾಸ್ಮರ್ ಎಡಕ್ಕೆ ಹೊಡೆದ ಚೆಂಡು ಫೀಲ್ಡರ್ ತಲೆಯ ಮೇಲಿಂದ ದಾಟಿ ಡಬಲ್ (ಎರಡು ಬೇಸ್‌ನ ಹಿಟ್) ಆಯಿತು. 2–1. ಹಾಸ್ಮರ್ ಎರಡನೇ ಬೇಸ್‌ನಲ್ಲಿ. ಹಾರ್ವಿಯ ಎಸೆತ 111. ಈಗ ಕಾಲಿನ್ಸ್ ಬಂದರು, ಫಮಿಲಿಯಾ ಬಂದರು.

ಫಮಿಲಿಯಾ ತಮ್ಮ ಕೆಲಸವನ್ನು ಮಾಡಿದರು. ಮೊದಲ ಬ್ಯಾಟರ್ ಮೈಕ್ ಮೌಸ್ಟಾಕಸ್: ನೆಲದ ಚೆಂಡು, ಔಟ್. ಎರಡನೆಯವರು ಸಾಲ್ವಡೋರ್ ಪೆರೆಜ್: ನೆಲದ ಚೆಂಡು, ಔಟ್. ಒಂದೂ ಹಿಟ್ ಇಲ್ಲ. ಆದರೆ ಮೊದಲ ಔಟ್‌ಗೆ ಹಾಸ್ಮರ್ ಮೂರನೇ ಬೇಸ್‌ಗೆ ಸರಿದಿದ್ದರು. ಎರಡನೆಯದರಲ್ಲಿ ಮೆಟ್ಸ್‌ನ ಡೇವಿಡ್ ರೈಟ್ ಚೆಂಡು ಹಿಡಿದು ಹಾಸ್ಮರ್ ಕಡೆ ಒಮ್ಮೆ ನೋಡಿ ಮೊದಲ ಬೇಸ್‌ಗೆ ಎಸೆದರು. ಚೆಂಡು ಅವರ ಕೈ ಬಿಟ್ಟ ಕೂಡಲೇ ಹಾಸ್ಮರ್ ಹೋಮ್ (ಮುಟ್ಟಿದರೆ ರನ್ ಆಗುವ ಕೊನೆಯ ಬೇಸ್) ಕಡೆ ನುಗ್ಗಿದರು. ಮೊದಲ ಬೇಸ್‌ನಿಂದ ಲ್ಯೂಕಸ್ ಡುಡಾ ತಿರುಗಿ ಎಸೆದದ್ದು ನೇರವಾಗಿದ್ದರೆ ಹಾಸ್ಮರ್ ಔಟ್, ಪಂದ್ಯವೂ ಅಲ್ಲಿಗೇ ಮುಗಿದು ಮೆಟ್ಸ್‌ಗೆ ಗೆಲುವು. ಚೆಂಡು ಕ್ಯಾಚರ್‌ನಿಂದ ದೂರ ಹೋಯಿತು. 2–2. ಹನ್ನೆರಡನೇ ಇನ್ನಿಂಗ್ಸ್‌ನಲ್ಲಿ ರಾಯಲ್ಸ್ ಐದು ರನ್ ಬಾರಿಸಿ 7–2ರಿಂದ ಗೆದ್ದರು, 1985ರ ನಂತರ ಅವರಿಗೆ ಮೊದಲ ಪ್ರಶಸ್ತಿ.

ದಾಖಲೆ ಪುಸ್ತಕದಲ್ಲಿ ಆ ರನ್ ಫಮಿಲಿಯಾ ಅವರ "ಬ್ಲೋನ್ ಸೇವ್", ಕೈತಪ್ಪಿದ ಸೇವ್. ಅದೇ ಎರಡು ನೆಲದ ಚೆಂಡುಗಳು ಖಾಲಿ ಬೇಸ್‌ಗಳ ಮೇಲೆ ಬಿದ್ದಿದ್ದರೆ ಬರೀ ಎರಡು ಔಟ್. ಕೇನ್ ಮೊದಲ ಬೇಸ್‌ನಲ್ಲಿದ್ದಾಗ ಬಿದ್ದಿದ್ದರೆ ಒಂದೇ ಚೆಂಡಿಗೆ ಎರಡು ಔಟ್ ಆಗುವ ಸಾಧ್ಯತೆ ಇತ್ತು. ಅದೇ ಎಸೆತಗಾರ, ಅದೇ ಸಿಂಕರ್. ಬದಲಾದದ್ದು ಅವರ ಕೈಗೆ ಚೆಂಡು ಬಂದ ಹೊತ್ತು ಮಾತ್ರ.

ಏನು ಮಾಡಬೇಕಿತ್ತು

ಇಂಥ ಪಿಚರ್‌ನನ್ನು ನಡೆಸುವವರು ಶಾಲಾ ಮಟ್ಟದಲ್ಲಿದ್ದರೂ ಮೇಜರ್ ಲೀಗ್‌ನಲ್ಲಿದ್ದರೂ ಮಾತು ಪಂದ್ಯಕ್ಕೆ ಮೊದಲೇ ಮುಗಿದಿರಬೇಕು. ಎಸೆತದ ಸಂಖ್ಯೆ ಒಂದೇ ಸಾಲದು, ಬ್ಯಾಟರ್ ಹೆಸರು ಬೇಕು. ಆ ರಾತ್ರಿಯ ಚೀಟಿ ಹೀಗಿರಬಹುದಿತ್ತು: "ಕೇನ್ ನಾಲ್ಕನೇ ಸಲ ಬಂದರೆ ಫಮಿಲಿಯಾ. ಹಾರ್ವಿ ಮುಂದುವರಿದರೂ ಒಬ್ಬ ಬೇಸ್ ಸೇರಿದ ಕ್ಷಣ ಫಮಿಲಿಯಾ." ಬೆಳಗ್ಗೆ ತಣ್ಣಗಿನ ತಲೆಯಲ್ಲಿ ಇದನ್ನು ಹಾರ್ವಿಗೆ ಓದಿಸಿ ಒಪ್ಪಿಸಿದ್ದರೆ ರಾತ್ರಿಯ ಹಟಕ್ಕೆ ಉತ್ತರ ಸಿದ್ಧವಾಗಿರುತ್ತಿತ್ತು. ಆಗ ಮ್ಯಾನೇಜರ್ ಹುಡುಗನಿಗೆ ಇಲ್ಲ ಎನ್ನಬೇಕಾಗಿಲ್ಲ, ನಾವಿಬ್ಬರೂ ಹೀಗೆ ಮಾತಾಡಿಕೊಂಡಿದ್ದೆವಲ್ಲ ಎಂದರೆ ಸಾಕು.

ಹೇಳುವವರು ಒಬ್ಬರೇ ಇರಬೇಕು. ಕೋಚ್ ಬಂದು ಮುಗಿಯಿತು ಎಂದ ಮೇಲೆ ಮ್ಯಾನೇಜರ್ ಬಳಿ ಮೇಲ್ಮನವಿ ಹೋಗುವಂತಿದ್ದರೆ, ಆತ್ಮವಿಶ್ವಾಸ ಇರುವ ಯಾವ ಪಿಚರ್ ಆದರೂ ಹೋಗಿಯೇ ಹೋಗುತ್ತಾನೆ. ಹೋಗದಿದ್ದರೆ ಅವನು ಅಲ್ಲಿಯವರೆಗೆ ಬರುತ್ತಲೇ ಇರಲಿಲ್ಲ. ಹೇಗಿದ್ದೀಯ ಎಂದು ಅಂಥವನನ್ನು ಕೇಳುವುದರಲ್ಲೂ ಅರ್ಥವಿಲ್ಲ, ಉತ್ತರ ಯಾವತ್ತೂ ಒಂದೇ. ತೋಳನ್ನೇ ನೋಡಬೇಕು. ಮೊದಲು ಜಾರುವುದು ವೇಗವಲ್ಲ, ಉದ್ವೇಗದಲ್ಲಿರುವವನ ವೇಗ ಕೊನೆಯವರೆಗೂ ನಿಲ್ಲಬಹುದು. ಮೊದಲು ಜಾರುವುದು ಗುರಿ: ಎಸೆತಗಳು ಎತ್ತರಕ್ಕೆ, ತನ್ನ ಕೈಯ ಕಡೆಗೆ ಹಾರುತ್ತವೆ, ಸ್ಲೈಡರ್ ತಿರುಗದೆ ನಡುವಲ್ಲಿ ನಿಲ್ಲುತ್ತದೆ, ಎರಡು ಎಸೆತಗಳ ನಡುವೆ ಬೇಡದ ವಿಳಂಬ ಕಾಣುತ್ತದೆ. ಅಷ್ಟು ಹೊತ್ತು ಒಂದೇ ವಾಕ್ ಕೊಟ್ಟವನು ಇನ್ನಿಂಗ್ಸ್‌ನ ಮೊದಲ ಬ್ಯಾಟರ್‌ಗೆ ವಾಕ್ ಕೊಟ್ಟರೆ ಅದನ್ನು ಗಂಭೀರವಾಗಿಯೇ ತೆಗೆದುಕೊಳ್ಳಬೇಕು.

ದಿಬ್ಬಕ್ಕೆ ಹೋಗುವ ನಿಯಮವನ್ನೂ ಮರೆಯಬಾರದು. ಒಂದೇ ಇನ್ನಿಂಗ್ಸ್‌ನಲ್ಲಿ ಅದೇ ಪಿಚರ್ ಬಳಿಗೆ ಕೋಚ್ ಅಥವಾ ಮ್ಯಾನೇಜರ್ ಎರಡನೇ ಸಲ ಹೋದರೆ ಅವನನ್ನು ತೆಗೆಯಲೇಬೇಕು. ಧೈರ್ಯ ಹೇಳಲು ಒಮ್ಮೆ ಹೋದರೆ ಮುಂದಿನ ನಡೆ ಬಂಧಿತ. ಇತ್ತ ಬುಲ್‌ಪೆನ್‌ನಲ್ಲಿ ಎದ್ದು ಕೈ ಬಿಸಿ ಮಾಡಿಕೊಂಡ ಕ್ಲೋಸರ್ ಕೂತರೆ ಮತ್ತೆ ತಣ್ಣಗಾಗುತ್ತಾನೆ. ಆ ಎಸೆತಗಳೂ ಅವನ ತೋಳಿನ ಲೆಕ್ಕಕ್ಕೇ ಸೇರುತ್ತವೆ, ಸ್ಕೋರ್‌ಕಾರ್ಡ್‌ನಲ್ಲಿ ಮಾತ್ರ ಕಾಣುವುದಿಲ್ಲ.

ಇದೆಲ್ಲಕ್ಕೂ ಮುಂಚೆ ಸೆಪ್ಟೆಂಬರ್‌ನ ಕೆಲಸ. ಇನ್ನಿಂಗ್ಸ್ ಮಿತಿ ಇದೆ ಎಂದಾದರೆ ಸೀಸನ್ ಶುರುವಾಗುವ ಮುನ್ನ ವೈದ್ಯರು, ಏಜೆಂಟ್, ತಂಡ, ಆಟಗಾರ ನಾಲ್ವರೂ ಒಂದೇ ಸಂಖ್ಯೆಗೆ ಒಪ್ಪಿ, ಪ್ಲೇ-ಆಫ್ ಸೇರಿಸಿಯೇ ಹಂಚಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಒಂದೊಂದು ಇನ್ನಿಂಗ್ಸ್ ಉಳಿಸಿದರೆ ಯಾರೂ ಗಮನಿಸುವುದಿಲ್ಲ. ಸೆಪ್ಟೆಂಬರ್ 20ರಂದು ಉಳಿಸಿದರೆ ಇಡೀ ನಗರ ನೋಡುತ್ತದೆ.

ಆಮೇಲೆ

2016ರಲ್ಲಿ ಹಾರ್ವಿ 17 ಪಂದ್ಯಗಳಲ್ಲಿ 4 ಗೆದ್ದು 10 ಸೋತರು, ಸರಾಸರಿ 4.86. ಬೆರಳುಗಳಿಗೆ ಹೋಗುವ ನರ ಮತ್ತು ರಕ್ತನಾಳಗಳು ಕಾಲರ್ ಮೂಳೆ ಹಾಗೂ ಮೊದಲ ಪಕ್ಕೆಲುಬಿನ ನಡುವೆ ಒತ್ತಿ ಹೋಗುವ ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್ ಎಂದು ಗೊತ್ತಾಯಿತು. ಜುಲೈನಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಅದಕ್ಕೂ 216 ಇನ್ನಿಂಗ್ಸ್‌ಗೂ ನೇರ ಗಂಟು ಹಾಕುವುದು ನ್ಯಾಯವಲ್ಲ, ಅದು ಬೇರೆ ಜಾಗದ, ಬೇರೆ ಬಗೆಯ ತೊಂದರೆ. ಆದರೆ ಹಳೆಯ ವೇಗ ಮತ್ತೆ ಬರಲಿಲ್ಲ. 2017ರಲ್ಲಿ ಸರಾಸರಿ 6.70ಕ್ಕೆ ಏರಿತು. 2018ರ ಮೇ ತಿಂಗಳಲ್ಲಿ ಮೈನರ್ ಲೀಗ್‌ಗೆ ಹೋಗಲು ಒಪ್ಪದಿದ್ದಾಗ ಮೆಟ್ಸ್ ಅವರನ್ನು ಸಿನ್ಸಿನಾಟಿ ರೆಡ್ಸ್‌ಗೆ ಕೊಟ್ಟು, ಬದಲಿಗೆ ಕ್ಯಾಚರ್ ಡೆವಿನ್ ಮೆಸೊರಾಕೊ ಅವರನ್ನು ಪಡೆಯಿತು. ಅಲ್ಲಿಂದ ಏಂಜಲ್ಸ್, 2020ರಲ್ಲಿ ಅದೇ ಕಾನ್ಸಾಸ್ ಸಿಟಿ ರಾಯಲ್ಸ್, ಕೊನೆಗೆ ಬಾಲ್ಟಿಮೋರ್. 2023ರ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ನಲ್ಲಿ ಇಟಲಿ ತಂಡಕ್ಕೆ ಎಸೆದು, ಆ ಮೇ ತಿಂಗಳಲ್ಲಿ ನಿವೃತ್ತಿ ಹೇಳಿದರು. ಆಗ ಅವರಿಗೆ 34 ವರ್ಷ.